ಸೈಕಲ್ ಟ್ಯೂಬಿನ ತೂತು ಹುಡುಕುವ ಕ್ರಮ: ವಾಲ್ವಿನಿಂದ ಮುಳ್ಳಿನವರೆಗೆ

ಪ್ಯಾಚ್ ಅಂಟಿಸುವುದನ್ನು ಯಾರು ಬೇಕಾದರೂ ಒಂದೇ ದಿನದಲ್ಲಿ ಕಲಿಯಬಹುದು. ತೂತು ಹುಡುಕುವುದಕ್ಕೆ ಮಾತ್ರ ತಾಳ್ಮೆ ಬೇಕು. ರಾತ್ರಿ ಗಟ್ಟಿಯಾಗಿದ್ದ ಚಕ್ರ ಬೆಳಿಗ್ಗೆ ಚಪ್ಪಟೆಯಾಗಿರುತ್ತದೆ, ಟ್ಯೂಬನ್ನು ನೀರಿಗೆ ಹಾಕಿದರೆ ಒಂದು ಗುಳ್ಳೆಯೂ ಏಳುವುದಿಲ್ಲ. ಇಲ್ಲವೇ ತೂತು ಸಿಕ್ಕಿತು, ಪ್ಯಾಚ್ ಹಾಕಿದ್ದೂ ಆಯಿತು, ಹೊರಟ ಸ್ವಲ್ಪ ದೂರಕ್ಕೇ ಮತ್ತೆ ಗಾಳಿ ಇಳಿಯುತ್ತದೆ. ಎರಡಕ್ಕೂ ಕಾರಣ ಹೆಚ್ಚಾಗಿ ಒಂದೇ: ಹುಡುಕಬೇಕಾದ ಕ್ರಮದಲ್ಲಿ ಹುಡುಕಿರುವುದಿಲ್ಲ. ಮೊದಲನೆಯದರಲ್ಲಿ ವಾಲ್ವ್ ನೋಡದೆ ಟ್ಯೂಬ್ ಬಿಚ್ಚಿದ್ದೇವೆ. ಎರಡನೆಯದರಲ್ಲಿ ತೂತು ಮಾಡಿದ ಮುಳ್ಳನ್ನು ಟೈರಿನಲ್ಲೇ ಬಿಟ್ಟಿದ್ದೇವೆ.

ಆದ್ದರಿಂದ ಇಲ್ಲಿ ಪ್ಯಾಚ್ ಹಾಕುವುದರ ಬಗ್ಗೆ ಹೇಳುವುದು ಕಡಿಮೆ. ಗಾಳಿ ಎಲ್ಲಿಂದ ಹೋಗುತ್ತಿದೆ, ಯಾಕೆ ಹೋಗುತ್ತಿದೆ ಎಂಬ ಎರಡು ಪ್ರಶ್ನೆಗಳ ಬಗ್ಗೆಯೇ ಹೆಚ್ಚು. ಎರಡಕ್ಕೂ ಉತ್ತರ ಸಿಗುವವರೆಗೆ ಸೊಲ್ಯೂಷನ್ನಿನ, ಅಂದರೆ ಪ್ಯಾಚ್ ಅಂಟಿಸುವ ಅಂಟಿನ, ಮುಚ್ಚಳ ತೆಗೆಯಬೇಡಿ.

ಮೊದಲು: ಗಾಳಿ ಎಷ್ಟು ಹೊತ್ತಿನಲ್ಲಿ ಇಳಿಯಿತು?

ಪಾನ (ಸ್ಪ್ಯಾನರ್) ಕೈಗೆತ್ತಿಕೊಳ್ಳುವ ಮೊದಲೇ ಅರ್ಧ ಸುಳಿವು ಇಲ್ಲಿ ಸಿಗುತ್ತದೆ.

ಓಡುತ್ತಿದ್ದಾಗಲೇ ಪುಸ್ಸೆಂದು ಇಳಿದಿದ್ದರೆ ದೊಡ್ಡ ಸೀಳು, ಮೊಳೆ, ಇಲ್ಲವೇ ವಾಲ್ವಿನ ಬುಡ ಹರಿದಿರುವುದು. ಇಂಥದ್ದು ಹುಡುಕದೆಯೇ ಕಣ್ಣಿಗೆ ಬೀಳುತ್ತದೆ. ಗುಂಡಿಗೆ ಚಕ್ರ ಬಿದ್ದು ಒಂದೆರಡು ನಿಮಿಷದಲ್ಲಿ ಇಳಿದಿದ್ದರೆ ರಿಮ್ಮಿಗೂ ರಸ್ತೆಗೂ ನಡುವೆ ಟ್ಯೂಬ್ ಸಿಕ್ಕಿ ಕತ್ತರಿಸಿರಬಹುದು. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಇಳಿದರೆ ಮುಳ್ಳು ಅಥವಾ ಗಾಜಿನ ಚೂರು. ರಾತ್ರಿಯಿಡೀ ತೆಗೆದುಕೊಂಡು ಇಳಿದರೆ ಅನುಮಾನ ಮೂರರ ಮೇಲೆ: ವಾಲ್ವ್, ಹಳೆಯ ಪ್ಯಾಚಿನ ಅಂಚು, ಕೂದಲಿನಷ್ಟು ತೆಳುವಾದ ತಂತಿ.

ಹಲವು ದಿನ, ವಾರಗಳಲ್ಲಿ ಟೈರ್ ಸ್ವಲ್ಪ ಮೆತ್ತಗಾಗುವುದು ಪಂಕ್ಚರ್ ಅಲ್ಲ. ರಬ್ಬರಿನ ಮೂಲಕ ಗಾಳಿ ನಿಧಾನವಾಗಿ ಸೋರಿಹೋಗುತ್ತಲೇ ಇರುತ್ತದೆ. ಬ್ಯುಟೈಲ್ ಎಂಬ ಕೃತಕ ರಬ್ಬರಿನ ಈಗಿನ ಕಪ್ಪು ಟ್ಯೂಬುಗಳು ಸಹಜ ರಬ್ಬರಿನ ಟ್ಯೂಬುಗಳಿಗಿಂತ ಗಾಳಿಯನ್ನು ಎಷ್ಟೋ ಚೆನ್ನಾಗಿ ಹಿಡಿದಿಡುತ್ತವೆ, ಆದರೂ ಪೂರ್ತಿ ಅಲ್ಲ. ಹೆಚ್ಚು ಒತ್ತಡ ತುಂಬುವ ಸಪೂರ ಟೈರಿನ ರೋಡ್ ಬೈಕಿನಲ್ಲಿ ಇದು ಇನ್ನೂ ಬೇಗ ಗೊತ್ತಾಗುತ್ತದೆ. ಇಲ್ಲದ ತೂತಿಗಾಗಿ ಟ್ಯೂಬ್ ಬಿಚ್ಚಿದರೆ ಆ ಎಳೆದಾಟದಲ್ಲೇ ಒಂದು ತೂತು ಆಗಬಹುದು. ಗಾಳಿ ತುಂಬಿ ಒಂದು ರಾತ್ರಿ ಕಾದು ನೋಡುವುದೇ ಸರಿ.

ಟೈರ್ ಬಿಚ್ಚುವ ಮೊದಲು ವಾಲ್ವ್

ನಮ್ಮ ಹಳೆಯ ಮಾದರಿಯ ಸೈಕಲ್‌ಗಳಲ್ಲಿ, ಅಂದರೆ ಹಾಲಿನವರು, ಪೇಪರ್ ಹಾಕುವವರು ಓಡಿಸುವ 28 ಇಂಚಿನ ಗಟ್ಟಿ ಸೈಕಲ್‌ಗಳಲ್ಲಿ ಇರುವುದು ಡನ್‌ಲಪ್ ಮಾದರಿಯ ವಾಲ್ವ್. ನಿಧಾನವಾಗಿ ಗಾಳಿ ಇಳಿಯುವ ಇಂಥ ಸೈಕಲ್ ಯಾವುದೇ ಇರಲಿ, ನಾನು ಮೊದಲು ಅನುಮಾನಿಸುವುದು ಇದನ್ನೇ.

ಇದರ ಒಳಗಿರುವುದು ಒಂದು ಸಣ್ಣ ಟೊಳ್ಳು ಪಿನ್ನು. ಪಿನ್ನಿನ ಪಕ್ಕದಲ್ಲಿ ಚಿಕ್ಕ ರಂಧ್ರ, ಅದರ ಮೇಲೆ ಬಿಗಿಯಾಗಿ ಕೂತ ರಬ್ಬರಿನ ನಳಿಗೆ. ಅಂಗಡಿಯಲ್ಲಿ ‘ವಾಲ್ ಟ್ಯೂಬ್’ ಎಂದು ಕೇಳಿದರೆ ಕೊಡುತ್ತಾರೆ. ಪಂಪ್ ಹೊಡೆದಾಗ ಗಾಳಿ ಈ ರಬ್ಬರನ್ನು ಉಬ್ಬಿಸಿಕೊಂಡು ಒಳಗೆ ನುಗ್ಗುತ್ತದೆ. ಹೊಡೆಯುವುದು ನಿಂತಾಗ ಒಳಗಿನ ಒತ್ತಡವೇ ರಬ್ಬರನ್ನು ರಂಧ್ರದ ಮೇಲೆ ಒತ್ತಿ ಮುಚ್ಚುತ್ತದೆ. ಬಿಸಿಲು, ವಯಸ್ಸು ಎರಡೂ ಸೇರಿ ಈ ರಬ್ಬರ್ ಬಿರುಕು ಬಿಡುತ್ತದೆ ಅಥವಾ ಅಂಟಂಟಾಗಿ ಹರಿಯುತ್ತದೆ. ಟ್ಯೂಬಿನಲ್ಲಿ ಒಂದೂ ತೂತಿಲ್ಲದೆ ಗಾಳಿ ಹೋಗುವುದು ಹೀಗೆ.

ಪರೀಕ್ಷೆ ಸುಲಭ. ಗಾಳಿ ತುಂಬಿ, ಚಕ್ರ ತಿರುಗಿಸಿ ವಾಲ್ವ್ ಮೇಲಕ್ಕೆ, ರಿಮ್ಮಿನಿಂದ ಕೆಳಮುಖವಾಗಿ ನಿಲ್ಲುವಂತೆ ಮಾಡಿ. ಒಂದು ಸಣ್ಣ ಲೋಟದಲ್ಲಿ ತುಂಬ ನೀರು ಹಿಡಿದು ಕೆಳಗಿನಿಂದ ಎತ್ತಿ, ವಾಲ್ವಿನ ತುದಿ ಮುಳುಗುವಷ್ಟು ಹಿಡಿಯಿರಿ. ಒಂದು ನಿಮಿಷ ಅಲ್ಲಾಡಿಸದೆ ಕಾಯಿರಿ. ತುದಿಯಿಂದ ಗುಳ್ಳೆ ಒಂದರ ಹಿಂದೊಂದು ಬಂದರೆ ಟೈರ್ ಮುಟ್ಟುವ ಅಗತ್ಯವೇ ಇಲ್ಲ. ತುದಿಯ ನಟ್ ಬಿಚ್ಚಿ ಪಿನ್ ಹೊರತೆಗೆಯಿರಿ, ಹಳೆಯ ರಬ್ಬರನ್ನು ಪೂರ್ತಿ ಕಿತ್ತು ಪಿನ್ ಒರೆಸಿ, ಹೊಸ ವಾಲ್ ಟ್ಯೂಬನ್ನು ನೀರಿನಲ್ಲಿ ಒದ್ದೆ ಮಾಡಿ ಪಿನ್ನಿನ ಮೇಲಿನ ದಪ್ಪ ಭಾಗದವರೆಗೂ ಏರಿಸಿ. ರಂಧ್ರ ಮುಚ್ಚಿದರೆ ಸಾಕು ಎಂದು ಅರ್ಧಕ್ಕೇ ನಿಲ್ಲಿಸಬೇಡಿ. ಪಿನ್ ಕೂರುವ ಜಾಗವನ್ನು ಮುಚ್ಚುವುದೂ ಅದೇ ರಬ್ಬರ್.

ಮೋಟಾರ್ ಸೈಕಲ್ಲಿಗೆ ಇರುವಂಥ ದಪ್ಪ ಶ್ರೇಡರ್ ವಾಲ್ವ್ ಆದರೆ ಅದೇ ಲೋಟದ ಪರೀಕ್ಷೆ ಮಾಡಿ, ಒಳಗಿನ ಪಿನ್ನನ್ನು ವಾಲ್ವ್ ಕೀಯಿಂದ ಬಿಗಿ ಮಾಡಿ. ಪಿನ್ನಿನ ಮೇಲೆ ಮರಳು ಕೂತಿದ್ದರೆ ಒಂದೆರಡು ಸಲ ಒತ್ತಿ ಗಾಳಿ ಬಿಟ್ಟಾಗ ಎಷ್ಟೋ ಸಲ ಸರಿಹೋಗುತ್ತದೆ. ರೋಡ್ ಬೈಕಿನ ಸಪೂರ ಪ್ರೆಸ್ಟಾ ವಾಲ್ವಿನಲ್ಲಿ ತುದಿಯ ಪುಟ್ಟ ತಿರುಪು ಬಿಗಿಯಾಗಿದೆಯೇ, ಬಿಚ್ಚಲು ಬರುವ ಒಳಭಾಗ ಸಡಿಲವಾಗಿದೆಯೇ ನೋಡಿ.

ವಾಲ್ವ್ ನಿರ್ದೋಷಿ ಎಂದು ಗೊತ್ತಾದ ಮೇಲೆ ಮುಂದಿನ ಹೆಜ್ಜೆ.

ಬಿಚ್ಚುವಾಗ ಗುರುತು ಕಳೆದುಕೊಳ್ಳಬೇಡಿ

ಇಡೀ ಕೆಲಸದಲ್ಲಿ ಜನ ಹೆಚ್ಚು ಕಡೆಗಣಿಸುವುದು ಇದನ್ನು, ಹೆಚ್ಚು ಶ್ರಮ ಉಳಿಸುವುದೂ ಇದೇ. ಟ್ಯೂಬ್ ಟೈರಿನೊಳಗೆ ಹೇಗೆ ಕೂತಿತ್ತು ಎಂಬುದು ನೆನಪಿದ್ದರೆ, ಟ್ಯೂಬಿನ ತೂತು ಟೈರಿನ ಯಾವ ಜಾಗಕ್ಕೆ ಸೇರಿದ್ದು ಎಂದು ಬೆರಳಿಟ್ಟು ತೋರಿಸಬಹುದು. ನೆನಪಿಲ್ಲದಿದ್ದರೆ ಟೈರ್ ಸುತ್ತ ಪೂರ್ತಿ ತಡಕಾಡಬೇಕು.

ಅದಕ್ಕೆ ಹೀಗೆ ಮಾಡಿ. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಟೈರಿನ ಮೇಲ್ಮೈ ನೋಡಿ. ಮೊಳೆ, ಮುಳ್ಳಿನ ಬುಡ, ಹೊಳೆಯುವ ಗಾಜು ಕಂಡರೆ ಕೂಡಲೇ ಕೀಳಬೇಡಿ. ಸುತ್ತ ಸೀಮೆಸುಣ್ಣದ ಗುರುತು ಹಾಕಿ. ನಂತರ ವಾಲ್ವ್ ಇರುವ ಜಾಗಕ್ಕೆ ಎದುರಾಗಿ ಟೈರಿನ ಪಕ್ಕೆಯ ಮೇಲೆ ಒಂದು ಗೆರೆ ಎಳೆಯಿರಿ. ಟೈರ್ ಕೂರಿಸುವಾಗಲೇ ಕಂಪನಿಯ ಹೆಸರು ವಾಲ್ವಿಗೆ ಸರಿಯಾಗಿ ಬರುವಂತೆ ಕೂರಿಸುವ ಅಭ್ಯಾಸವಿದ್ದರೆ ಈ ಗೆರೆಯೂ ಬೇಡ. ಟ್ಯೂಬ್ ಹೊರಬಂದ ತಕ್ಷಣ, ಸೈಕಲ್ಲಿನ ಬಲಕ್ಕಿದ್ದ ಅದರ ಪಕ್ಕೆಯ ಮೇಲೆ ಪೆನ್ನಿನಿಂದ ಒಂದು ಬಾಣ ಬರೆಯಿರಿ. ಇದಿಲ್ಲದಿದ್ದರೆ ಟ್ಯೂಬ್ ತಿರುಗುಮುರುಗಾಗಿ, ತೂತಿನ ಜಾಗ ವಾಲ್ವಿನ ಈಚೆಯೋ ಆಚೆಯೋ ಎಂಬ ಗೊಂದಲ ಉಳಿಯುತ್ತದೆ.

ಚಕ್ರ ಕಳಚಲೇಬೇಕೆಂದಿಲ್ಲ. ಸ್ಟ್ಯಾಂಡು, ಚೈನ್ ಕವರು, ಮಡ್‌ಗಾರ್ಡಿನ ಕಡ್ಡಿಗಳೆಲ್ಲ ಒಂದೇ ಅಚ್ಚಿಗೆ ಸೇರಿಕೊಂಡಿರುವ ಹಿಂದಿನ ಚಕ್ರವನ್ನು ಬಿಚ್ಚುವುದು ದೊಡ್ಡ ಕೆಲಸ. ಊರಿನ ಸೈಕಲ್ ಶಾಪಿನವರು ಅದನ್ನು ಮಾಡುವುದೇ ಇಲ್ಲ. ಸೈಕಲ್ಲನ್ನು ಮಲಗಿಸಿ ಅಥವಾ ಸ್ಟ್ಯಾಂಡ್ ಹಾಕಿ, ಟೈರಿನ ಒಂದೇ ಪಕ್ಕವನ್ನು ರಿಮ್ಮಿನಿಂದ ಎಬ್ಬಿಸಿ ಟ್ಯೂಬನ್ನು ಹೊರಕ್ಕೆಳೆಯುತ್ತಾರೆ. ಟ್ಯೂಬ್ ಅಚ್ಚಿಗೆ ನೇತಾಡಿಕೊಂಡೇ ಇರುತ್ತದೆ. ಹಾಗೇ ಬೋಗುಣಿಗೆ ಅದ್ದಿ ನೋಡಲು ಏನೂ ತೊಂದರೆಯಿಲ್ಲ. ನೀವೂ ಇದನ್ನೇ ಮಾಡಿ.

ಟೈರ್ ಎಬ್ಬಿಸಲು ಉಳಿದ ಗಾಳಿ ಪೂರ್ತಿ ಬಿಟ್ಟು, ಟೈರಿನ ಅಂಚನ್ನು ಸುತ್ತಲೂ ಹೆಬ್ಬೆರಳಿನಿಂದ ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ. ಆಗ ಎದುರು ಭಾಗ ಸಡಿಲವಾಗುತ್ತದೆ. ವಾಲ್ವಿನ ಎದುರು ದಿಕ್ಕಿನಿಂದ ಶುರುಮಾಡಿ. ಟೈರ್ ಲಿವರ್ ಇಲ್ಲದಿದ್ದರೆ ನುಣುಪಾದ ಚಮಚದ ಹಿಡಿ ಆಗುತ್ತದೆ. ಸ್ಕ್ರೂಡ್ರೈವರ್ ಮಾತ್ರ ಬೇಡ, ಅದರ ಮೂಲೆ ಟ್ಯೂಬನ್ನು ಕಚ್ಚುತ್ತದೆ.

ಕಿವಿ ಮತ್ತು ತುಟಿ

ನೀರಿಲ್ಲದ ರಸ್ತೆಬದಿಯಲ್ಲಿ ಇದೇ ಮೊದಲ ದಾರಿ. ಟ್ಯೂಬಿಗೆ ಕೈಪಂಪಿನಿಂದ, ಟೈರಿನೊಳಗೆ ಇರುತ್ತಿದ್ದುದಕ್ಕಿಂತ ಸುಮಾರು ಒಂದೂವರೆ ಪಟ್ಟು ದಪ್ಪವಾಗುವಷ್ಟು ಗಾಳಿ ತುಂಬಿ. ರಬ್ಬರ್ ಹಿಗ್ಗಿದಾಗ ಸೂಜಿಮೊನೆಯಷ್ಟಿರುವ ತೂತೂ ಬಾಯಿ ತೆರೆಯುತ್ತದೆ. ಹಾಗೆಂದು ಮಿತಿ ಮೀರಬೇಡಿ: ಟೈರಿನ ಆಸರೆ ಇಲ್ಲದ ಟ್ಯೂಬ್ ಎಲ್ಲ ಕಡೆ ಸಮನಾಗಿ ಉಬ್ಬುವುದಿಲ್ಲ, ಇಲಿ ನುಂಗಿದ ಹಾವಿನಂತೆ ಒಂದೇ ಕಡೆ ಊದಿಕೊಳ್ಳುತ್ತದೆ. ಹಾಗೆ ಕಂಡಲ್ಲಿಗೆ ಪಂಪ್ ನಿಲ್ಲಿಸಿ. ಪೆಟ್ರೋಲ್ ಬಂಕಿನ ಗಾಳಿಯನ್ನು ಬರೀ ಟ್ಯೂಬಿಗೆ ತುಂಬಲೇಬೇಡಿ, ಕ್ಷಣದಲ್ಲಿ ಒಡೆಯುತ್ತದೆ.

ಗಾಳಿ ಬೀಸದ ಕಡೆ, ವಾಹನಗಳಿಗೆ ಬೆನ್ನು ಹಾಕಿ ಕೂತು, ಟ್ಯೂಬನ್ನು ಕಿವಿಯ ಹತ್ತಿರ ನಿಧಾನವಾಗಿ ಸರಿಸುತ್ತಾ ಬನ್ನಿ. ಸುಯ್ಯೆನ್ನುವ ಸದ್ದು ಕೇಳಿದರೆ ಆಯಿತು. ಕೇಳದಿದ್ದರೆ ತುಟಿ ಒದ್ದೆ ಮಾಡಿಕೊಂಡು, ಟ್ಯೂಬನ್ನು ತುಟಿಯ ಮುಂದೆ ಸರಿಸಿ. ಒದ್ದೆ ಚರ್ಮಕ್ಕೆ ಅತಿ ಸಣ್ಣ ಗಾಳಿಯೂ ತಣ್ಣಗೆ ತಾಕುತ್ತದೆ. ಕೈಯ ಚರ್ಮ ಒರಟು, ಅದನ್ನು ನಂಬಬೇಡಿ. ಅನುಮಾನ ಬಂದ ಜಾಗಕ್ಕೆ ಒಂದು ಹನಿ ಎಂಜಲು ಸವರಿ ನೋಡಿದರೆ ಗುಳ್ಳೆ ಏಳುತ್ತದೆ.

ನೀರಿನ ಪರೀಕ್ಷೆ

ಮನೆಯಲ್ಲಿದ್ದರೆ ನೇರವಾಗಿ ಇದಕ್ಕೇ ಬನ್ನಿ. ಅಗಲ ಬಾಯಿಯ ಬೋಗುಣಿ ಅಥವಾ ಟಬ್, ಒಂದು ಗೇಣು ಆಳದ ತಿಳಿನೀರು, ಒಳ್ಳೆಯ ಬೆಳಕು. ನೀರು ಅಲುಗಾಡುವುದು ನಿಲ್ಲುವವರೆಗೆ ಕಾಯಿರಿ. ಸೋಪು ಹಾಕಬೇಡಿ, ಬೋಗುಣಿಯಲ್ಲಿ ನೊರೆ ಎದ್ದರೆ ಗುಳ್ಳೆ ಕಾಣುವುದಿಲ್ಲ.

1. ವಾಲ್ವಿನಿಂದಲೇ ಶುರುಮಾಡಿ. ವಾಲ್ವಿನ ಬುಡವನ್ನು ಮುಳುಗಿಸಿ, ವಾಲ್ವನ್ನು ನಾಲ್ಕೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ನೇರವಾಗಿದ್ದಾಗ ಮುಚ್ಚಿಕೊಂಡು ಬಾಗಿದಾಗ ತೆರೆಯುವ ಸೀಳು ಇಲ್ಲಿ ಸಾಮಾನ್ಯ.

2. ಬಾಣದ ದಿಕ್ಕಿನಲ್ಲಿ ಗೇಣು ಗೇಣಾಗಿ ಮುಂದುವರಿಯಿರಿ. 28 ಇಂಚಿನ ಹಳೆಯ ಮಾದರಿಯ ಚಕ್ರದಲ್ಲಿ ಟೈರ್ ಕೂರುವ ಜಾಗದ ವ್ಯಾಸ 635 ಮಿಲಿಮೀಟರ್, ಅಂದರೆ ಸುತ್ತಳತೆ ಹತ್ತಿರಹತ್ತಿರ 2 ಮೀಟರ್. ಎಂಟೊಂಬತ್ತು ಗೇಣುಗಳಲ್ಲಿ ಒಂದು ಸುತ್ತು ಮುಗಿಯುತ್ತದೆ.

3. ಪ್ರತಿ ಗೇಣನ್ನೂ ಮುಳುಗಿಸಿದ ಕೂಡಲೇ ಅಂಗೈಯಿಂದ ಒರೆಸಿ. ಒಣ ರಬ್ಬರಿಗೆ ಅಂಟಿಕೊಂಡ ಗಾಳಿಯೂ ಗುಳ್ಳೆಯಾಗಿ ಏಳುತ್ತದೆ, ಅದನ್ನು ನೋಡಿ ಮೋಸಹೋಗುವವರು ಬಹಳ. ಒರೆಸಿದ ಮೇಲೂ ಅದೇ ಜಾಗದಿಂದ ಮತ್ತೆ ಮತ್ತೆ ಏಳುವ ಗುಳ್ಳೆಯೇ ನಿಜವಾದ ತೂತಿನದು.

4. ಒರೆಸಿ, ಎರಡೂ ಕೈಯಿಂದ ಸ್ವಲ್ಪ ಹಿಗ್ಗಿಸಿ ಹಿಡಿದು, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನೋಡಿ. ನಿಧಾನ ಸೋರುವ ತೂತಿನಿಂದ ಗುಳ್ಳೆ ಬರುವುದಕ್ಕೂ ಅಷ್ಟು ಹೊತ್ತು ಬೇಕು. ಆಮೇಲೆ ಟ್ಯೂಬನ್ನು ಹೊರಳಿಸಿ ಕೆಳಭಾಗವನ್ನೂ ನೋಡಿ. ಕೆಳಗೆ ಹುಟ್ಟಿದ ಗುಳ್ಳೆ ಟ್ಯೂಬಿನ ಪಕ್ಕೆಯಲ್ಲಿ ಜಾರಿ ಬೇರೆಲ್ಲೋ ಏಳುತ್ತದೆ.

5. ತೂತು ಸಿಕ್ಕಿದರೆ ಅದರ ಮೇಲೆ ಹೆಬ್ಬೆರಳು ಒತ್ತಿಕೊಂಡು ಹೊರತೆಗೆದು, ಬಟ್ಟೆಯಿಂದ ಒರೆಸಿ, ಬಾಲ್ ಪೆನ್ನಿನಿಂದ ತೂತು ನಡುವೆ ಬರುವಂತೆ ದೊಡ್ಡ ಅಧಿಕ ಚಿಹ್ನೆ ಹಾಕಿ. ಪುಟ್ಟ ಚುಕ್ಕೆ ಹಾಕಿದರೆ ಮುಂದೆ ಉಜ್ಜುವಾಗ ಅಳಿಸಿಹೋಗುತ್ತದೆ. ಉದ್ದ ಗೆರೆಗಳಾದರೆ ನಡುಭಾಗ ಅಳಿಸಿದರೂ ತುದಿಗಳು ದಾರಿ ತೋರಿಸುತ್ತವೆ.

6. ಒಂದು ಸಿಕ್ಕಿತೆಂದು ನಿಲ್ಲಿಸಬೇಡಿ. ಸುತ್ತು ಪೂರ್ತಿ ಮುಗಿಸಿ. ಮುಳ್ಳುಬೇಲಿಯ ಪಕ್ಕದ ದಾರಿಯಲ್ಲಿ ಬಂದ ಟೈರಿಗೆ ಒಂದೇ ಮುಳ್ಳು ಚುಚ್ಚಿರುತ್ತದೆ ಎನ್ನಲು ಆಗುವುದಿಲ್ಲ. ಆಳವಾಗಿ ಹೊಕ್ಕ ಮುಳ್ಳು ಟ್ಯೂಬಿನ ಆಚೆಯ ಗೋಡೆಯನ್ನೂ ತೂರಿರಬಹುದು, ಸಿಕ್ಕಿದ ತೂತಿನ ನೇರ ಎದುರು ಭಾಗವನ್ನು ತಪ್ಪದೆ ನೋಡಿ.

ನೀರಿಗೂ ಸಿಗದಿದ್ದರೆ

ಸುತ್ತು ಮುಗಿಯಿತು, ಗುಳ್ಳೆ ಇಲ್ಲ, ಆದರೆ ಬೆಳಿಗ್ಗೆ ಚಕ್ರ ಇಳಿದಿದ್ದು ನಿಜ. ಆಗ ಮೂರು ಕೆಲಸ ಮಾಡಬಹುದು.

ಮೊದಲನೆಯದು, ಹಳೆಯ ಪ್ಯಾಚುಗಳ ಅಂಚನ್ನು ಮತ್ತು ಟ್ಯೂಬಿನ ಎರಡು ತುದಿ ಸೇರಿಸಿದ ಬೆಸುಗೆಯ ಜಾಗವನ್ನು ಮಾತ್ರ ಇನ್ನೊಮ್ಮೆ ನೋಡುವುದು. ಪ್ಯಾಚನ್ನು ನೀರಿನೊಳಗೇ ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಎದ್ದ ಅಂಚು ಗುಳ್ಳೆ ಬಿಡುತ್ತದೆ. ಹಾಗಾದಲ್ಲಿ ಅದರ ಮೇಲೆಯೇ ಇನ್ನೊಂದು ಪ್ಯಾಚ್ ಹಾಕಬೇಡಿ, ಹಳೆಯದನ್ನು ಕಿತ್ತು ಮೊದಲಿನಿಂದ ಮಾಡಿ.

ಎರಡನೆಯದು ಸೋಪಿನ ನೀರು. ಪಾತ್ರೆ ತೊಳೆಯುವ ಸೋಪನ್ನು ಸ್ವಲ್ಪ ನೀರಿನಲ್ಲಿ ಕದಡಿ, ಬ್ರಷ್‌ನಿಂದ ಅನುಮಾನದ ಜಾಗಕ್ಕೆ ತೆಳ್ಳಗೆ ಹಚ್ಚಿ ಒಂದೆರಡು ನಿಮಿಷ ಬಿಡಿ. ಬೋಗುಣಿಯಲ್ಲಿ ಕಣ್ಣು ತಪ್ಪಿಸುವ ಸೋರಿಕೆ ಇಲ್ಲಿ ಬಿಳಿ ನೊರೆಯ ಪುಟ್ಟ ಗುಂಪಾಗಿ ಕೂರುತ್ತದೆ.

ಮೂರನೆಯದಕ್ಕೆ ತಾಳ್ಮೆ ಬೇಕು, ಆದರೆ ಬಹಳ ಮಟ್ಟಿಗೆ ನಂಬಬಹುದಾದ ದಾರಿ. ಟ್ಯೂಬಿಗೆ ಗಾಳಿ ತುಂಬಿ, ವಾಲ್ವಿನ ಎರಡೂ ಪಕ್ಕ ಸಮಾನ ದೂರದಲ್ಲಿ ಎರಡು ಕಡೆ ಟ್ಯೂಬನ್ನು ಮಡಚಿ ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಈಗ ಅದು ಎರಡು ಬೇರೆ ಬೇರೆ ಕೋಣೆ. ರಾತ್ರಿಯಿಡೀ ನೆರಳಿನಲ್ಲಿ ತೂಗುಹಾಕಿ. ಬೆಳಿಗ್ಗೆ ಯಾವ ಭಾಗ ಮೆತ್ತಗಾಗಿದೆಯೋ ತೂತು ಅಲ್ಲೇ ಇದೆ. ಆ ಅರ್ಧವನ್ನಷ್ಟೇ ಮತ್ತೆ ನೀರಿನಲ್ಲಿ ನೋಡಿ. ದಾರದಿಂದ ಕಟ್ಟಬೇಡಿ, ರಬ್ಬರ್ ಕತ್ತರಿಸುತ್ತದೆ. ಎರಡೂ ಭಾಗ ಗಟ್ಟಿಯಾಗೇ ಇದ್ದರೆ ಟ್ಯೂಬಿನ ಮೇಲೆ ಅನುಮಾನ ಬಿಡಿ, ವಾಲ್ವನ್ನು ಮತ್ತೆ ನೋಡಿ: ಟೈರಿನೊಳಗಿನ ಪೂರ್ತಿ ಒತ್ತಡದಲ್ಲಿ ಮಾತ್ರ ಸೋರುವ ವಾಲ್ವುಗಳಿವೆ.

ತೂತು ಹೇಳುವ ಕಥೆ

ಈಗ ಪ್ಯಾಚ್ ಹಾಕುವ ಆತುರ ಹುಟ್ಟುತ್ತದೆ. ಸ್ವಲ್ಪ ತಡೆಯಿರಿ. ತೂತು ಎಲ್ಲಿದೆ, ಯಾವ ಆಕಾರದಲ್ಲಿದೆ ಎಂಬುದು ಕಾರಣವನ್ನು ಹೆಚ್ಚುಕಡಿಮೆ ಬಾಯಿಬಿಟ್ಟು ಹೇಳುತ್ತದೆ.

ರಸ್ತೆಯ ಕಡೆಗಿರುವ ಹೊರಮೈಯಲ್ಲಿ ಒಂದೇ ದುಂಡು ತೂತು: ಮುಳ್ಳು, ಮೊಳೆ, ತಂತಿ. ಟೈರಿನಲ್ಲಿ ಅದು ಇನ್ನೂ ಇದೆ ಎಂದೇ ತಿಳಿದು ಮುಂದುವರಿಯಿರಿ.

ಅಕ್ಕಪಕ್ಕ ಎರಡು ಸಣ್ಣ ಸೀಳು, ಹಾವು ಕಚ್ಚಿದ ಗುರುತಿನ ಹಾಗೆ: ಗುಂಡಿಯಲ್ಲಿ ರಿಮ್ಮಿನ ಎರಡು ಅಂಚುಗಳು ಟ್ಯೂಬನ್ನು ಕಚ್ಚಿವೆ. ಟೈರಿನಲ್ಲಿ ಏನೂ ಸಿಗುವುದಿಲ್ಲ, ಗಾಳಿ ಕಡಿಮೆ ಇದ್ದದ್ದೇ ತಪ್ಪು. ಟೈರಿನ ಪಕ್ಕೆಯಲ್ಲಿ ಬರೆದಿರುವ ಗಾಳಿಯ ಒತ್ತಡದ (ಪಿಎಸ್‌ಐ) ಮಿತಿ ನೋಡಿ ಗಾಳಿ ತುಂಬಿಸಿಕೊಳ್ಳಿ. ಹಿಂದಿನ ಕ್ಯಾರಿಯರಿನಲ್ಲಿ ಭಾರ ಹೇರುವವರು ಹಿಂದಿನ ಚಕ್ರಕ್ಕೆ ಇನ್ನಷ್ಟು ಎಚ್ಚರ ವಹಿಸಬೇಕು.

ಒಳಮೈಯಲ್ಲಿ, ಅಂದರೆ ರಿಮ್ಮಿನ ಕಡೆ ತೂತು: ಚಕ್ರದ ಕಡ್ಡಿಯ (ಸ್ಪೋಕ್) ತುದಿ, ಅದನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ ದಾಟಿ ಮೇಲೆ ಬಂದಿದೆ ಅಥವಾ ನಿಪ್ಪಲ್‌ಗಳನ್ನು ಮುಚ್ಚುವ ರಿಮ್ ಟೇಪ್ ಸರಿದಿದೆ. ರಿಮ್ಮಿನ ಒಳಗೆ ಬೆರಳಾಡಿಸಿದರೆ ಚೂಪು ತಾಕುತ್ತದೆ. ಆ ತುದಿಯನ್ನು ಅರದಿಂದ ಸವೆಸಿ, ಟೇಪ್ ಸರಿಮಾಡಿ ಅಥವಾ ಹೊಸದು ಹಾಕಿ. ಟೈರ್ ಕೂರಿಸಿದ ಕೂಡಲೇ ರಿಮ್ಮಿನ ಹತ್ತಿರ ಸೀಳು ಕಂಡರೆ ಅದು ಲಿವರಿನ ಕಡಿತ.

ವಾಲ್ವಿನ ಬುಡದಲ್ಲಿ ಹರಿದಿದ್ದರೆ ಪ್ಯಾಚ್ ನಿಲ್ಲುವುದಿಲ್ಲ, ಟ್ಯೂಬ್ ಬದಲಿಸಬೇಕು. ಕಡಿಮೆ ಗಾಳಿಯಲ್ಲಿ ಓಡಿಸಿದಾಗ ಟೈರ್ ರಿಮ್ಮಿನ ಮೇಲೆ ಜಾರುತ್ತಾ ಟ್ಯೂಬನ್ನು ಎಳೆಯುತ್ತದೆ, ವಾಲ್ವ್ ಮಾತ್ರ ರಿಮ್ಮಿನ ತೂತಿನಲ್ಲಿ ನಿಂತಿರುತ್ತದೆ. ವಾಲ್ವ್ ವಾಲಿಕೊಂಡಿರುವುದು ಕಂಡಾಗಲೇ ಗಾಳಿ ಬಿಟ್ಟು ಟೈರನ್ನು ಹಿಂದಕ್ಕೆ ಸರಿಸಿದರೆ ಟ್ಯೂಬ್ ಉಳಿಯುತ್ತದೆ.

ಟೈರಿನಲ್ಲಿ ಅಡಗಿರುವುದನ್ನು ಹಿಡಿಯುವುದು

ಟ್ಯೂಬಿನ ವಾಲ್ವನ್ನು ಟೈರಿನ ಗೆರೆಗೆ ಹೊಂದಿಸಿ, ಬಾಣ ಬಲಕ್ಕಿರುವಂತೆ ಟ್ಯೂಬನ್ನು ಟೈರಿನ ಮೇಲೆ ಹಾಸಿ. ಪೆನ್ನಿನ ಗುರುತು ಬೀಳುವ ಜಾಗದಲ್ಲಿ, ಆಚೀಚೆ ನಾಲ್ಕು ಬೆರಳು ಬಿಟ್ಟುಕೊಂಡು ಹುಡುಕಿ. ಮೊದಲು ಕಣ್ಣಿನಿಂದ ಒಳಗೂ ಹೊರಗೂ ನೋಡಿ. ಆಮೇಲೆ ಹತ್ತಿ ಅಥವಾ ಹಳೆಯ ತೆಳು ಬಟ್ಟೆಯನ್ನು ಟೈರಿನ ಒಳಮೈ ಮೇಲೆ ಎರಡೂ ದಿಕ್ಕಿಗೆ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿದೆ. ಬರಿ ಬೆರಳನ್ನು ಜೋರಾಗಿ ಓಡಿಸಬೇಡಿ, ಗಾಜು ಕೈ ಸೀಳುತ್ತದೆ.

ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆಯ ಬಯಲುಸೀಮೆಯ ದಾರಿಗಳಲ್ಲಿ ಬಳ್ಳಾರಿ ಜಾಲಿಯ ಮುಳ್ಳೇ ಮುಖ್ಯ ಶತ್ರು. ಅದರ ಮೊನೆ ಒಳಗೆ ಮುರಿದು ಉಳಿಯುತ್ತದೆ, ಹೊರಗಿನಿಂದ ನೋಡಿದರೆ ಒಂದು ಕಂದು ಚುಕ್ಕೆ ಮಾತ್ರ. ನೆಗ್ಗಿಲ ಮುಳ್ಳು ಇನ್ನೊಂದು. ನೆಲಕ್ಕೆ ಹರಡುವ ಆ ಗಿಡದ ಕಾಯಿ ಒಣಗಿ ಐದು ಚೂರಾಗಿ ಬಿರಿಯುತ್ತದೆ. ಚೂರು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಲ್ಲುತ್ತದೆ. ಟೈರಿನಲ್ಲಿ ಒಂದು ಕಂಡರೆ ಸುತ್ತಲೂ ಹುಡುಕಿ, ಹಲವು ಇರುತ್ತವೆ.

ಹೆದ್ದಾರಿಯ ಬದಿಯಲ್ಲಿ ಓಡಿಸುವವರಿಗೆ ಬೇರೆಯದೇ ಕಾಟ: ಸವೆದ ಲಾರಿ ರೇಡಿಯಲ್ ಟೈರುಗಳಿಂದ ಉದುರಿದ ಸಣ್ಣ ಉಕ್ಕಿನ ತಂತಿಗಳು. ಇವು ಹೊರಗಿನಿಂದ ಕಾಣುವುದೇ ಇಲ್ಲ. ಟೈರನ್ನು ಒಳಗುಹೊರಗಾಗಿ ಬಾಗಿಸಿದಾಗ ಮಾತ್ರ ಮೊನೆ ಹೊರಬರುತ್ತದೆ. ‘ಏನೂ ಇಲ್ಲದೆ’ ಮತ್ತೆ ಮತ್ತೆ ಅದೇ ಜಾಗದಲ್ಲಿ ತೂತಾಗುತ್ತಿದ್ದರೆ ನಾನು ಹುಡುಕುವುದು ಈ ತಂತಿಯನ್ನೇ.

ಕೀಳಲು ಚಿಮುಟ ಅಥವಾ ಉಗುರು ಕತ್ತರಿ ಸಾಕು. ಮುರಿದ ಮೊನೆ ಹಿಡಿತಕ್ಕೆ ಸಿಗದಿದ್ದರೆ ಒಳಗಿನಿಂದ ದಪ್ಪ ಸೂಜಿಯಲ್ಲಿ ಹೊರಕ್ಕೆ ತಳ್ಳಿ. ಕಿತ್ತ ಮೇಲೆ ಅದೇ ಬಟ್ಟೆಯನ್ನು ಮತ್ತೊಮ್ಮೆ ಎಳೆದು ನೋಡಿ.

ಪ್ಯಾಚ್, ಮತ್ತೆ ನೀರು

ಟ್ಯೂಬ್ ಚೆನ್ನಾಗಿ ಒಣಗಲಿ. ಗಾಳಿ ಬಿಟ್ಟು, ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಪುಡಿ ಒರೆಸಿ. ನಡುವೆ ಬೆಸುಗೆಯ ಉಬ್ಬುಗೆರೆ ಹಾದುಹೋಗಿದ್ದರೆ ಅದನ್ನು ಸಮನಾಗುವವರೆಗೆ ಉಜ್ಜಲೇಬೇಕು, ಗಾಳಿ ಆ ಗೆರೆಗುಂಟ ಪ್ಯಾಚಿನ ಕೆಳಗಿಂದ ನುಸುಳುತ್ತದೆ. ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಹೊಳಪು ಆರಿ ಬೆರಳಿಗೆ ಹತ್ತದಷ್ಟು ಒಣಗುವವರೆಗೆ, ಸುಮಾರು 5 ನಿಮಿಷ, ಕಾಯಿರಿ. ಒದ್ದೆ ಇರುವಾಗಲೇ ಅಂಟಿಸಿದ ಪ್ಯಾಚ್ ಜಾರುತ್ತದೆ. ಬೇಗ ಒಣಗಲೆಂದು ಕೆಲವರು ಅದಕ್ಕೆ ಬೆಂಕಿ ಕಡ್ಡಿ ಗೀರುತ್ತಾರೆ. ದಯವಿಟ್ಟು ಮಾಡಬೇಡಿ, ಅದರ ಆವಿ ಥಟ್ಟನೆ ಹೊತ್ತಿಕೊಳ್ಳುತ್ತದೆ. ಪ್ಯಾಚಿನ ನಡುಭಾಗ ಅಧಿಕ ಚಿಹ್ನೆಯ ನಡುವೆ ಬರುವಂತೆ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಗಟ್ಟಿಯಾಗಿ ಒತ್ತಿ.

ಸ್ವಲ್ಪ ಹೊತ್ತು ಬಿಟ್ಟು, ಕಡಿಮೆ ಗಾಳಿ ತುಂಬಿ ಇನ್ನೊಂದು ಸುತ್ತು ನೀರಿನಲ್ಲಿ ನೋಡಿ. ಹೊಸ ಪ್ಯಾಚ್ ಅಷ್ಟೇ ಅಲ್ಲ, ಇಡೀ ಸುತ್ತು. ದೊಡ್ಡ ತೂತಿನ ಗುಳ್ಳೆಗಳ ಮರೆಯಲ್ಲಿ ಉಳಿದಿದ್ದ ಸಣ್ಣದು ಈಗ ಕಾಣುತ್ತದೆ. ಒರೆಸಿ ಒಣಗಿಸಿ, ಪ್ಯಾಚಿನ ಸುತ್ತ ಟಾಲ್ಕಮ್ ಪೌಡರ್ ಉದುರಿಸಿ. ಸುತ್ತ ಉಳಿದ ಸೊಲ್ಯೂಷನ್ನಿನಿಂದ ಟ್ಯೂಬ್ ಟೈರಿಗೆ ಅಂಟದಿರಲು ಇದು ಬೇಕು.

ಟ್ಯೂಬ್ ದುಂಡಾಗುವಷ್ಟು ಮಾತ್ರ ಗಾಳಿ ತುಂಬಿ ಟೈರಿನೊಳಗೆ ಸೇರಿಸಿ, ವಾಲ್ವಿನ ಹತ್ತಿರದಿಂದ ಶುರುಮಾಡಿ ಎದುರು ಭಾಗದಲ್ಲಿ ಮುಗಿಯುವಂತೆ ಟೈರಿನ ಅಂಚನ್ನು ಕೂರಿಸಿ. ಕೊನೆಯ ಗೇಣನ್ನೂ ಆದಷ್ಟು ಹೆಬ್ಬೆರಳಿನಿಂದಲೇ ಒತ್ತಿ. ಅರ್ಧ ಗಾಳಿ ಹೊಡೆದು ನಿಲ್ಲಿಸಿ: ವಾಲ್ವ್ ನೇರವಾಗಿದೆಯೇ, ಟೈರಿನ ಅಂಚಿನ ಗೆರೆ ಎರಡೂ ಪಕ್ಕ ರಿಮ್ಮಿನಿಂದ ಒಂದೇ ದೂರದಲ್ಲಿ ಸುತ್ತುತ್ತಿದೆಯೇ, ಎಲ್ಲಾದರೂ ಟ್ಯೂಬ್ ಇಣುಕುತ್ತಿದೆಯೇ ನೋಡಿ. ಎಲ್ಲ ಸರಿಯಿದ್ದರೆ ಪೂರ್ತಿ ಗಾಳಿ ತುಂಬಿ, ವಾಲ್ವಿಗೆ ಲೋಟದ ನೀರು ಇನ್ನೊಮ್ಮೆ ಹಿಡಿದು, ಚಕ್ರವನ್ನು ಬೆಳಿಗ್ಗೆಯವರೆಗೆ ಹಾಗೇ ಬಿಡಿ.